ಎಣಿಕೆಗೆ ಸಿಗದ ಮೂರೂವರೆ ಲಕ್ಷ ಮಂದಿ

2004ರ ಮೇ 19ರಂದು ವಿಜ್ ಏರ್ ಎಂಬ ಹೊಸ ಕಂಪನಿಯ ಮೊದಲ ವಿಮಾನ ಪೋಲೆಂಡಿನ ಗಣಿಸೀಮೆಯ ಊರಾದ ಕಟೋವಿಟ್ಸೆಯಿಂದ ಹೊರಟು, ಲಂಡನ್ನಿನ ಉತ್ತರಕ್ಕಿರುವ ಲೂಟನ್ ನಿಲ್ದಾಣದಲ್ಲಿ ಇಳಿಯಿತು. ಅದಕ್ಕೂ ಕೆಲವೇ ದಿನ ಮೊದಲು, ಮೇ 1ರಂದು, ಹತ್ತು ದೇಶಗಳು ಐರೋಪ್ಯ ಒಕ್ಕೂಟವನ್ನು ಸೇರಿದ್ದವು. ಅವುಗಳಲ್ಲಿ ಎಂಟು ಪೂರ್ವ ಮತ್ತು ಮಧ್ಯ ಯುರೋಪಿನವು. ಪೋಲೆಂಡ್, ಲಿಥುವೇನಿಯಾ, ಸ್ಲೊವಾಕಿಯಾ ಇವೆಲ್ಲ ಆ ಗುಂಪಿನವೇ. ಅಲ್ಲಿನವರು ಇಲ್ಲಿಗೆ ಬಂದು ದುಡಿಯಬಹುದೇ ಎಂಬ ಪ್ರಶ್ನೆಗೆ ಹಳೆಯ ಸದಸ್ಯ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟವು. ಜರ್ಮನಿ ಮತ್ತು ಆಸ್ಟ್ರಿಯಾ ಏಳು ವರ್ಷ ತಡೆ ಹಾಕಿದವು. ಮೊದಲ ದಿನದಿಂದಲೇ ಬಾಗಿಲು ತೆರೆದವು ಮೂರೇ ದೇಶ: ಬ್ರಿಟನ್, ಐರ್ಲೆಂಡ್, ಸ್ವೀಡನ್.

ಎಷ್ಟು ಜನ ಬರಬಹುದು ಎಂದು ಬ್ರಿಟಿಷ್ ಗೃಹ ಇಲಾಖೆ ಮೊದಲೇ ಅರ್ಥಶಾಸ್ತ್ರಜ್ಞರನ್ನು ಕೇಳಿತ್ತು. ಕ್ರಿಸ್ಟಿಯನ್ ಡಸ್ಟ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ಅಂದಾಜು ವರ್ಷಕ್ಕೆ 5,000ದಿಂದ 13,000. ಈ ಅಂಕಿಯನ್ನು ಮುಂದೆ ಎಷ್ಟೋ ರಾಜಕಾರಣಿಗಳು ಗೇಲಿ ಮಾಡಿದರು. ಜರ್ಮನಿಯೂ ಬಾಗಿಲು ತೆರೆಯುತ್ತದೆ ಎಂದು ಭಾವಿಸಿ ಹಾಕಿದ ಲೆಕ್ಕ ಅದು ಎಂಬುದನ್ನು ಮಾತ್ರ ಹೇಳಲಿಲ್ಲ. ಪೋಲೆಂಡಿನ ಗಡಿಗೆ ಅಂಟಿಕೊಂಡಿರುವ ಜರ್ಮನಿ ಮುಚ್ಚಿಕೊಂಡದ್ದರಿಂದ ಅಲ್ಲಿಗೆ ಹೋಗಬೇಕಾದವರೂ ಲೂಟನ್ನಿನ ಕಡೆ ತಿರುಗಿದರು.

ಮುಂದೇನಾಯಿತು ಎಂಬುದು ಬೀದಿಯಲ್ಲಿ ಎಲ್ಲರಿಗೂ ಕಂಡಿತು. ಸರ್ಕಾರದ ಕಡತದಲ್ಲಿ ಅದು ಕಾಣಲು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷದಲ್ಲಿ ತಪ್ಪು ಹೇಗೆ ಪತ್ತೆಯಾಯಿತು, ಎಲ್ಲಿ ಅಡಗಿತ್ತು, ಅದರಿಂದ ಯಾರ ಬದುಕಿಗೆ ಏಟು ಬಿತ್ತು ಎಂಬುದನ್ನೆಲ್ಲ ಬಿಡಿಸಿ ನೋಡಬೇಕು. ಯುರೋಪಿನ ವಲಸೆ ರಾಜಕೀಯವನ್ನು ಕುರಿತ ಅಬ್ಬರದ ಮಾತುಗಳಿಗಿಂತ ಈ ಪತ್ತೆದಾರಿಕೆಯಿಂದ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಬ್ರಿಟನ್ನಿಗೆ ನಮ್ಮ ಆಧಾರ್‌ನಂಥ ಗುರುತಿನ ವ್ಯವಸ್ಥೆಯಿಲ್ಲ. ಜರ್ಮನಿಯಂತೆ ಊರು ಬದಲಿಸಿದಾಗಲೆಲ್ಲ ಪೌರಕಚೇರಿಗೆ ಹೋಗಿ ಹೆಸರು ಬರೆಸುವ ಪದ್ಧತಿಯೂ ಇಲ್ಲ. ದೇಶ ಬಿಟ್ಟು ಹೋಗುವವರ ಪಾಸ್‌ಪೋರ್ಟ್ ನೋಡುವ ಕ್ರಮವನ್ನೂ 1994 ಮತ್ತು 1998ರಲ್ಲಿ ಎರಡು ಹಂತಗಳಲ್ಲಿ ಕೈಬಿಡಲಾಗಿತ್ತು. ಹಾಗಿದ್ದರೆ ವಲಸಿಗರನ್ನು ಎಣಿಸುತ್ತಿದ್ದದ್ದು ಹೇಗೆ? ಇಂಟರ್‌ನ್ಯಾಷನಲ್ ಪ್ಯಾಸೆಂಜರ್ ಸರ್ವೆ ಎಂಬ ಒಂದು ಸಮೀಕ್ಷೆಯಿಂದ. ಅದು 1961ರಲ್ಲಿ ಶುರುವಾದದ್ದು ಪ್ರವಾಸಿಗರು ಎಷ್ಟು ಹಣ ತರುತ್ತಾರೆ, ಬ್ರಿಟಿಷರು ಹೊರಗೆ ಎಷ್ಟು ಖರ್ಚು ಮಾಡುತ್ತಾರೆ ಎಂದು ತಿಳಿಯುವುದಕ್ಕೆ. ವಿದೇಶಿ ವಿನಿಮಯದ ಲೆಕ್ಕಕ್ಕೆ ಅದು ಬೇಕಿತ್ತು. ವಲಸೆಯನ್ನು ಅಳೆಯುವ ಕೆಲಸ ಆಮೇಲೆ ಅದರ ಹೆಗಲೇರಿತು.

ಸಮೀಕ್ಷಕರು ವಿಮಾನ ನಿಲ್ದಾಣದಲ್ಲೋ ಬಂದರಿನಲ್ಲೋ ನಿಂತು, ಇಷ್ಟು ಜನಕ್ಕೆ ಒಬ್ಬರಂತೆ ಪ್ರಯಾಣಿಕರನ್ನು ತಡೆದು ಮಾತನಾಡಿಸುತ್ತಿದ್ದರು. ಎಲ್ಲಿಂದ ಬಂದಿರಿ, ಏಕೆ ಬಂದಿರಿ, ಎಷ್ಟು ದಿನ ಇರುತ್ತೀರಿ? ಹನ್ನೆರಡು ತಿಂಗಳು ಅಥವಾ ಹೆಚ್ಚು ಎಂದವರು ವಿಶ್ವಸಂಸ್ಥೆಯ ವ್ಯಾಖ್ಯೆಯ ಪ್ರಕಾರ ದೀರ್ಘಾವಧಿ ವಲಸಿಗರು. ಉತ್ತರ ಕೊಡಲೇಬೇಕೆಂಬ ಕಡ್ಡಾಯವಿರಲಿಲ್ಲ. ವರ್ಷಕ್ಕೆ ಏಳೆಂಟು ಲಕ್ಷ ಮಂದಿಯನ್ನು ಮಾತನಾಡಿಸಿದರೂ ಅವರಲ್ಲಿ ವಲಸಿಗರಾಗಿ ಸಿಗುತ್ತಿದ್ದವರು ನಾಲ್ಕೈದು ಸಾವಿರ. ಆ ನಾಲ್ಕೈದು ಸಾವಿರ ಮಂದಿಯ ಮಾತನ್ನು ಗುಣಿಸಿ ಇಡೀ ದೇಶದ ವಲಸೆಯ ಅಂಕಿ ಹೊರಡುತ್ತಿತ್ತು.

ಸಮೀಕ್ಷೆಯನ್ನು ರೂಪಿಸಿದವರು ದಡ್ಡರಲ್ಲ. ವಲಸಿಗರು ಹೆಚ್ಚು ಸಿಗುವ ಕಡೆ ಹೆಚ್ಚು ಸಮೀಕ್ಷಕರನ್ನು ನಿಲ್ಲಿಸಿದ್ದರು. ಹೀಥ್ರೂ, ಗ್ಯಾಟ್‌ವಿಕ್, ಮ್ಯಾಂಚೆಸ್ಟರ್ ನಿಲ್ದಾಣಗಳಲ್ಲಿ ವಲಸಿಗರನ್ನೇ ಹುಡುಕುವ ವಿಶೇಷ ಪಾಳಿಗಳಿದ್ದವು. ಭಾರತ, ಪಾಕಿಸ್ತಾನ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಿಂದ ಜನ ದೊಡ್ಡ ವಿಮಾನಗಳಲ್ಲಿ ಬಂದಿಳಿಯುತ್ತಿದ್ದ ಕಾಲಕ್ಕೆ ಆ ಏರ್ಪಾಡು ಸರಿಯೇ ಇತ್ತು. ವಾರ್ಸಾದಿಂದಲೂ ಕಟೋವಿಟ್ಸೆಯಿಂದಲೂ ಹೊರಟ ಅಗ್ಗದ ವಿಮಾನಗಳು ಇಳಿದದ್ದು ಲೂಟನ್‌ನಲ್ಲಿ, ಸ್ಟ್ಯಾನ್‌ಸ್ಟೆಡ್‌ನಲ್ಲಿ, ಪ್ರಾಂತ್ಯಗಳ ಸಣ್ಣಪುಟ್ಟ ನಿಲ್ದಾಣಗಳಲ್ಲಿ. ಅಲ್ಲಿ ಸಮೀಕ್ಷಕರು ವಿರಳ, ಕೆಲವು ಕಡೆ ಇರಲೇ ಇಲ್ಲ. ಸಿಕ್ಕವರಲ್ಲೂ ಎಷ್ಟೋ ಜನ ಮೂರು ತಿಂಗಳು ಎಂದೋ, ಬೇಸಿಗೆ ಮುಗಿಯುವ ತನಕ ಎಂದೋ ಹೇಳಿರುತ್ತಾರೆ. ಅದು ಸುಳ್ಳಲ್ಲ, ಅವತ್ತಿನ ಅವರ ಎಣಿಕೆ. ಕೆಲಸ ಚೆನ್ನಾಗಿ ಸಿಕ್ಕಿತು, ಗೆಳತಿ ಬಂದಳು, ಮಗು ಹುಟ್ಟಿತು, ಮೂರು ತಿಂಗಳು ಮೂರು ವರ್ಷವಾಯಿತು. ಮನುಷ್ಯ ಊರು ಬಿಡುವ ಹೊತ್ತಿನಲ್ಲಿ ತನ್ನ ಮುಂದಿನ ವರ್ಷವನ್ನು ಹೇಳಲಾರ. ಇಡೀ ಲೆಕ್ಕ ನಿಂತಿದ್ದದ್ದು ಅವನು ಹೇಳಬಲ್ಲ ಎಂಬ ನಂಬಿಕೆಯ ಮೇಲೆ.

ಮೊದಲ ಅನುಮಾನ ಹುಟ್ಟಿದ್ದು ನಗರಸಭೆಗಳಲ್ಲಿ. ಹೀಥ್ರೂ ಪಕ್ಕದಲ್ಲೇ ಸ್ಲೌ ಎಂಬ ಕಾರ್ಖಾನೆಗಳ ಊರಿದೆ. ಎರಡನೇ ಮಹಾಯುದ್ಧದ ನಂತರ ಪೋಲಿಷ್ ನಿರಾಶ್ರಿತರಿಗೂ, ಬಳಿಕ ಪಂಜಾಬಿನಿಂದ ಬಂದವರಿಗೂ ನೆಲೆಯಾದ ಊರು ಅದು. 2004ರ ನಂತರ ಅಲ್ಲಿನ ಶಾಲೆಗಳಿಗೆ ಇಂಗ್ಲಿಷ್ ಬಾರದ ಹೊಸ ಮಕ್ಕಳು ಬರತೊಡಗಿದರು. ಒಂದೊಂದು ಮನೆಯಲ್ಲಿ ಹಲವು ಬಾಡಿಗೆದಾರರು ಸೇರಿದರು. ಕೆಲಸಕ್ಕೆ ಬೇಕಾದ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಗಳು ಸಾವಿರಗಟ್ಟಲೆ ವಿತರಣೆಯಾದವು. ಆದರೆ ರಾಷ್ಟ್ರೀಯ ಅಂಕಿಅಂಶ ಕಚೇರಿಯ ಅಂದಾಜಿನಲ್ಲಿ ಸ್ಲೌ ಜನಸಂಖ್ಯೆ ಇಳಿಮುಖವಾಗಿತ್ತು! ಕೇಂದ್ರದ ಅನುದಾನ ತಲೆಯೆಣಿಕೆಯ ಮೇಲೆ ಬರುತ್ತದೆ. ತಲೆ ಲೆಕ್ಕಕ್ಕೆ ಸಿಗದಿದ್ದರೆ ಮೇಷ್ಟ್ರಿಗೆ ಸಂಬಳವಿಲ್ಲ, ಕಸದ ಗಾಡಿಗೆ ಡೀಸೆಲ್ ಇಲ್ಲ. ಸ್ಲೌ ನಗರಸಭೆ ಬಹಿರಂಗವಾಗಿಯೇ ತಕರಾರು ತೆಗೆಯಿತು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೂಡ ದನಿಗೂಡಿಸಿತು.

ಆ ವೇಳೆಗೆ ಬೇರೊಂದು ಮೂಲೆಯಿಂದಲೂ ಸುಳಿವು ಬಂದಿತ್ತು. ಹೊಸ ದೇಶಗಳಿಂದ ಬಂದ ಕೆಲಸಗಾರರು ಹೆಸರು ನೋಂದಾಯಿಸಬೇಕೆಂಬ ನಿಯಮವಿತ್ತು. ಮೊದಲ ಎರಡೇ ವರ್ಷದಲ್ಲಿ ಹಾಗೆ ಅಂಗೀಕಾರವಾದ ಅರ್ಜಿಗಳು 4,27,000. ಸ್ವಂತ ಉದ್ಯೋಗದ ಗಾರೆಯವರು, ಬಡಗಿಗಳು ಇದರಲ್ಲಿ ಸೇರಿಯೇ ಇಲ್ಲ. ಬಂದವರು ಇಷ್ಟು ಎಂದು ಈ ಪಟ್ಟಿ ಹೇಳುತ್ತಿತ್ತು. ಹೋದವರು ಎಷ್ಟು ಎಂದು ಯಾರೂ ಬರೆದಿಡಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಮರ್ವಿನ್ ಕಿಂಗ್, ದೇಶದ ಜನಸಂಖ್ಯೆ ಎಷ್ಟೆಂದೇ ತಿಳಿಯದಿದ್ದರೆ ಬಡ್ಡಿದರ ನಿರ್ಧರಿಸುವುದು ಹೇಗೆ ಎಂದು ಸಂಸದರ ಮುಂದೆ ಚಿಂತೆ ತೋಡಿಕೊಂಡರು. ದುಡಿಯುವ ಕೈ ಎಷ್ಟಿವೆ ಎಂದು ಗೊತ್ತಿಲ್ಲದಾಗ ಕೂಲಿ ಏರುತ್ತದೋ ಇಳಿಯುತ್ತದೋ ಹೇಳುವುದು ಕಷ್ಟ. ಅಂಕಿಅಂಶ ಕಚೇರಿಯೂ ಕಿವಿ ಮುಚ್ಚಿಕೊಂಡಿರಲಿಲ್ಲ. 2009ರ ಹೊತ್ತಿಗೆ ಸಮೀಕ್ಷೆಯನ್ನು ತಿದ್ದಿ ಪ್ರಾಂತ್ಯಗಳ ನಿಲ್ದಾಣಗಳಿಗೂ ಹರಡಿತು. ಅಷ್ಟರಲ್ಲಿ ಬರುವ ದೊಡ್ಡ ಅಲೆ ಬಂದಾಗಿತ್ತು.

ತಪ್ಪು ಎಷ್ಟು ದೊಡ್ಡದು ಎಂದು ತಿಳಿಯಲು ಜನಗಣತಿಗೇ ಕಾಯಬೇಕಾಯಿತು. 2011ರ ಮಾರ್ಚ್ 27ರ ಗಣತಿಯಲ್ಲಿ ಹಿಂದೆಂದೂ ಕೇಳಿರದ ಕೆಲವು ಪ್ರಶ್ನೆಗಳಿದ್ದವು. ನಿಮ್ಮ ಬಳಿ ಯಾವ ದೇಶದ ಪಾಸ್‌ಪೋರ್ಟ್ ಇದೆ? ನಿಮ್ಮ ಮುಖ್ಯ ಭಾಷೆ ಯಾವುದು? ಹೊರದೇಶದಲ್ಲಿ ಹುಟ್ಟಿದವರಾದರೆ ಯಾವ ವರ್ಷ, ಯಾವ ತಿಂಗಳು ಇಲ್ಲಿಗೆ ಬಂದಿರಿ? ಕೊನೆಯ ಪ್ರಶ್ನೆಯೇ ಬೀಗದ ಕೈ. ನಿಲ್ದಾಣದಲ್ಲಿ ನಿಂತು ಮುಂದೇನು ಮಾಡುತ್ತೀರಿ ಎಂದು ಕೇಳುವ ಬದಲು, ಮನೆಬಾಗಿಲಲ್ಲಿ ನಿಂತು ಏನು ಮಾಡಿದಿರಿ ಎಂದು ಕೇಳಿದ ಪ್ರಶ್ನೆ ಅದು.

ಗಣತಿಯೂ ಎಲ್ಲರನ್ನೂ ಹಿಡಿಯುವುದಿಲ್ಲ. ಅದಕ್ಕೆಂದೇ ಆರು ವಾರ ಬಿಟ್ಟು ಆಯ್ದ ಪ್ರದೇಶಗಳಲ್ಲಿ ಎರಡನೇ ಸುತ್ತಿನ ಎಣಿಕೆ ನಡೆಯುತ್ತದೆ. ಕೆರೆಯ ಮೀನು ಎಣಿಸಲು ಒಮ್ಮೆ ಬಲೆ ಬೀಸಿ, ಸಿಕ್ಕವಕ್ಕೆ ಗುರುತು ಹಾಕಿ ಬಿಟ್ಟು, ಮತ್ತೆ ಬೀಸಿದಾಗ ಎಷ್ಟರ ಮೇಲೆ ಗುರುತಿದೆ ಎಂದು ನೋಡುತ್ತಾರಲ್ಲ, ಹಾಗೆ. ಎರಡನೇ ಸಲ ಸಿಕ್ಕವರಲ್ಲಿ ಮೊದಲ ಸಲ ತಪ್ಪಿಸಿಕೊಂಡವರು ಎಷ್ಟು ಎಂಬುದರಿಂದ, ಎರಡೂ ಸಲ ತಪ್ಪಿಸಿಕೊಂಡವರನ್ನು ಊಹಿಸಬಹುದು.

2012ರ ಜುಲೈ 16ರಂದು ಮೊದಲ ಫಲಿತಾಂಶ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 5.61 ಕೋಟಿ ಜನ. ಹತ್ತು ವರ್ಷದಲ್ಲಿ 37 ಲಕ್ಷ ಹೆಚ್ಚಳ. 1801ರಲ್ಲಿ ಗಣತಿ ಶುರುವಾದ ಮೇಲೆ ಯಾವ ದಶಕದಲ್ಲೂ ಇಷ್ಟು ಏರಿರಲಿಲ್ಲ. ಕಚೇರಿಯವರು 2001ರ ಗಣತಿಗೆ ಹುಟ್ಟು ಕೂಡಿಸಿ, ಸಾವು ಕಳೆದು, ವಲಸೆ ಸೇರಿಸಿ ಅಂದಾಜಿಸಿದ್ದಕ್ಕಿಂತ ಇದು 4,64,000 ಜಾಸ್ತಿ. ಹುಟ್ಟುಸಾವುಗಳ ನೋಂದಣಿ ಬ್ರಿಟನ್ನಿನಲ್ಲಿ ಪಕ್ಕಾ. ಉಳಿದದ್ದು ಎರಡೇ ದಾರಿ. 2001ರ ಗಣತಿಯೇ ಕೆಲವರನ್ನು ಬಿಟ್ಟಿರಬೇಕು, ಇಲ್ಲವೇ ವಲಸೆಯ ಲೆಕ್ಕ ತಪ್ಪಿರಬೇಕು.

ಪೋಲೆಂಡಿನಲ್ಲಿ ಹುಟ್ಟಿದವರು 2001ರಲ್ಲಿ 58,000 ಇದ್ದದ್ದು 5,79,000 ಆಗಿದ್ದರು. 2013ರ ಜನವರಿಯಲ್ಲಿ ಭಾಷೆಯ ವಿವರ ಹೊರಬಿದ್ದಾಗ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಗ್ಲಿಷಿನ ನಂತರದ ಮುಖ್ಯ ಭಾಷೆಯಾಗಿ ಪೋಲಿಷ್ ನಿಂತಿತ್ತು. ಪಂಜಾಬಿ, ಉರ್ದುಗಳು ಹಿಂದೆ ಸರಿದಿದ್ದವು.

ನಂತರದ ಎರಡು ವರ್ಷ ಕಚೇರಿಯವರು ಮಾಡಿದ ಕೆಲಸವನ್ನು ನಾನು ಗೌರವದಿಂದ ನೋಡುತ್ತೇನೆ. ತಮ್ಮದೇ ಅಂಕಿಗಳನ್ನು ತಾವೇ ಬಿಚ್ಚಿ, ಯಾವ ವರ್ಷ, ಯಾವ ದೇಶದವರು, ಯಾವ ವಯಸ್ಸಿನವರು ಬಿಟ್ಟುಹೋದರು ಎಂದು ಹುಡುಕಿದರು. ಬಂದ ವರ್ಷದ ಪ್ರಕಾರ ಗಣತಿಯ ಉತ್ತರಗಳನ್ನು ಜೋಡಿಸಿ, ಆಯಾ ವರ್ಷದ ಸಮೀಕ್ಷೆಯ ಪಕ್ಕ ಇಟ್ಟರು. 2014ರ ಏಪ್ರಿಲ್‌ನಲ್ಲಿ ವರದಿ ಬಂತು. ಆ ದಶಕದಲ್ಲಿ ಯುನೈಟೆಡ್ ಕಿಂಗ್‌ಡಮ್ಮಿನ ನಿವ್ವಳ ವಲಸೆಯನ್ನು, ಅಂದರೆ ಬಂದವರಲ್ಲಿ ಹೋದವರನ್ನು ಕಳೆದು ಉಳಿದದ್ದನ್ನು, 3,46,000ದಷ್ಟು ಕಡಿಮೆ ಎಣಿಸಲಾಗಿತ್ತು. ಬಿರುಕು ಅಗಲವಾಗಿದ್ದದ್ದು 2004ರಿಂದ 2008ರ ನಡುವೆ, ಆ ಎಂಟು ದೇಶಗಳ ಪ್ರಜೆಗಳಲ್ಲಿ. ಅಪ್ಪ ಅಮ್ಮಂದಿರ ಜತೆ ಬಂದ ಮಕ್ಕಳೂ ಸಮೀಕ್ಷೆಯಲ್ಲಿ ಸರಿಯಾಗಿ ಸಿಕ್ಕಿರಲಿಲ್ಲ. ಸ್ಲೌ ಶಾಲೆಗಳ ಮೇಷ್ಟ್ರುಗಳಿಗೆ ಇದು ಹೊಸ ಸುದ್ದಿಯಾಗಿರಲಾರದು.

ಪೂರ್ವ ಇಂಗ್ಲೆಂಡಿನ ಬಾಸ್ಟನ್ ಎಂಬ ಪುಟ್ಟ ಊರನ್ನು ಇಲ್ಲಿ ನೆನೆಯಬೇಕು. ಸುತ್ತ ತರಕಾರಿ ಹೊಲಗಳು. ಎಲೆಕೋಸು ಕೊಯ್ಯಲು, ಪೊಟ್ಟಣ ಕಟ್ಟಲು ಬಂದ ಲಿಥುವೇನಿಯನ್ನರು, ಪೋಲಿಷರಿಂದ ಆ ಊರು ಹತ್ತು ವರ್ಷದಲ್ಲಿ ಶೇ. 16ರಷ್ಟು ಬೆಳೆದಿತ್ತು. ವೈದ್ಯರ ಬಳಿ ಸರದಿ ಉದ್ದವಾಗಿದೆ, ಬಾಡಿಗೆ ಏರಿದೆ ಎಂದು ಅಲ್ಲಿನವರು ಹೇಳಿದಾಗ, ಸರ್ಕಾರದ ಅಂಕಿ ಬೇರೆಯೇ ಹೇಳುತ್ತಿತ್ತು. 2016ರ ಜನಮತಗಣನೆಯಲ್ಲಿ ಒಕ್ಕೂಟ ಬಿಡಬೇಕೆಂದು ಅತಿ ಹೆಚ್ಚು ಪ್ರಮಾಣದಲ್ಲಿ ಮತ ಹಾಕಿದ ಊರು ಅದೇ: ಶೇ. 75.6. ಎಣಿಕೆ ಸರಿಯಿದ್ದಿದ್ದರೆ ಫಲಿತಾಂಶ ಬದಲಾಗುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಕಣ್ಣಿಗೆ ಕಂಡದ್ದನ್ನು ಕಚೇರಿ ಇಲ್ಲವೆಂದರೆ, ಜನ ಮೊದಲು ಕಚೇರಿಯನ್ನು ನಂಬುವುದು ಬಿಡುತ್ತಾರೆ. ಆಮೇಲೆ ಕೂಗಿ ಹೇಳುವವರನ್ನು ನಂಬುತ್ತಾರೆ. ಕೊಯ್ಲಿಗೆ ಬಂದವರಿಗೂ ಈ ತಪ್ಪಿನಿಂದ ಏನೂ ಒಳಿತಾಗಲಿಲ್ಲ. ಅವರ ಮಕ್ಕಳಿಗೆ ಬೇಕಿದ್ದ ಶಾಲೆ, ಅವರಿಗೆ ಬೇಕಿದ್ದ ದವಾಖಾನೆ ಎರಡೂ ಬರಲಿಲ್ಲ, ಬೈಗುಳ ಮಾತ್ರ ಅವರ ಪಾಲಿಗೆ ಬಂತು.

ಕತೆಯ ಎರಡನೇ ಭಾಗ ನಮಗೆ ಹತ್ತಿರದ್ದು. 2010ರಲ್ಲಿ ಅಧಿಕಾರಕ್ಕೆ ಬಂದ ಡೇವಿಡ್ ಕ್ಯಾಮರೂನ್, ನಿವ್ವಳ ವಲಸೆಯನ್ನು ವರ್ಷಕ್ಕೆ ಒಂದು ಲಕ್ಷದ ಒಳಗೆ ಇಳಿಸುವುದಾಗಿ ಮಾತು ಕೊಟ್ಟಿದ್ದರು. ಒಕ್ಕೂಟದ ದೇಶಗಳವರನ್ನು ತಡೆಯುವ ಅಧಿಕಾರ ಅವರಿಗಿರಲಿಲ್ಲ. ತಡೆಯಲು ಸಾಧ್ಯವಿದ್ದದ್ದು ಉಳಿದವರನ್ನು, ಅದರಲ್ಲೂ ವಿದ್ಯಾರ್ಥಿಗಳನ್ನು. 2012ರಲ್ಲಿ ಸಮೀಕ್ಷೆಗೆ ಒಂದು ಹೊಸ ಪ್ರಶ್ನೆ ಸೇರಿತು. ದೇಶ ಬಿಟ್ಟು ಹೊರಡುವವರನ್ನು, ನೀವು ಮೊದಲು ಇಲ್ಲಿಗೆ ಬಂದದ್ದು ಯಾತಕ್ಕೆ ಎಂದು ಕೇಳಲಾಯಿತು. ಓದಲು ಬಂದವರ ಅಂಕಿಯ ಮುಂದೆ, ಓದು ಮುಗಿಸಿ ಹೊರಟವರ ಅಂಕಿ ತೀರಾ ಸಣ್ಣದಾಗಿ ಕಂಡಿತು. ವರ್ಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ವಿದ್ಯಾರ್ಥಿಗಳು ಹಿಂತಿರುಗದೆ ಮಾಯವಾಗುತ್ತಿದ್ದಾರೆ ಎಂಬ ಮಾತು ಹರಡಿತು. ಗೃಹಮಂತ್ರಿ ತೆರೇಸಾ ಮೇ ಅವರ ಬಿಗಿ ನೀತಿಗೆ ಇದು ಬೆಂಬಲವಾಯಿತು.

ಓದಿದ ಮೇಲೆ ಎರಡು ವರ್ಷ ಕೆಲಸ ಮಾಡಲು ಇದ್ದ ವೀಸಾವನ್ನು 2012ರ ಏಪ್ರಿಲ್‌ನಲ್ಲೇ ರದ್ದು ಮಾಡಲಾಗಿತ್ತು. ಹೊಸದಾಗಿ ಸೇರುವ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಬೆಂಗಳೂರು, ಮೈಸೂರು, ಮಂಗಳೂರಿನ ಮನೆಗಳಲ್ಲಿ ಸಾಲದ ಕಂತನ್ನು ಅಲ್ಲೇ ದುಡಿದು ತೀರಿಸಬಹುದು ಎಂದು ಲೆಕ್ಕ ಹಾಕಿದ್ದವರು ಕೆನಡಾ, ಆಸ್ಟ್ರೇಲಿಯಾ ಕಡೆ ನೋಡತೊಡಗಿದರು.

2015ರ ಏಪ್ರಿಲ್ 8ರಿಂದ ಬ್ರಿಟನ್ ಮತ್ತೆ ನಿರ್ಗಮನದ ತಪಾಸಣೆ ಶುರುಮಾಡಿತು. ಈಗ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಬರುವಾಗಿನ ಪಾಸ್‌ಪೋರ್ಟನ್ನೂ ಹೋಗುವಾಗಿನ ಪಾಸ್‌ಪೋರ್ಟನ್ನೂ ತಾಳೆ ನೋಡಿದರೆ ಸಾಕು. 2017ರ ಆಗಸ್ಟ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. 2016-17ರಲ್ಲಿ ವೀಸಾ ಮುಗಿದು ಹೊರಡಬೇಕಿದ್ದ 1,81,024 ವಿದ್ಯಾರ್ಥಿಗಳಲ್ಲಿ 1,76,407 ಮಂದಿ ಸಮಯಕ್ಕೆ ಸರಿಯಾಗಿ ಹೊರಟಿದ್ದರು. ಶೇ. 97.4. ಮಾಯವಾದ ಒಂದು ಲಕ್ಷ ಜನ ಇರಲೇ ಇಲ್ಲ.

ಹಾಗಾದರೆ ಸಮೀಕ್ಷೆಯಲ್ಲಿ ಅವರೇಕೆ ಕಾಣಲಿಲ್ಲ? ಓದು ಮುಗಿಸಿದ ಹುಡುಗಿ ಊರಿಗೆ ಹೊರಡುವಾಗ ಸಮೀಕ್ಷಕ ತಡೆದು, ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗಿರುತ್ತೀಯಾ ಎಂದು ಕೇಳಿದರೆ ಆಕೆ ಏನೆನ್ನಬೇಕು? ಪದವಿ ಪ್ರದಾನಕ್ಕೆ ಮತ್ತೆ ಬರಬೇಕು, ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ, ಉತ್ತರ ಬಂದಿಲ್ಲ. ಗೊತ್ತಿಲ್ಲ ಎನ್ನುತ್ತಾಳೆ, ಅಥವಾ ರಜೆಗೆ ಹೋಗುತ್ತಿದ್ದೇನೆ ಎನ್ನುತ್ತಾಳೆ. ಅಲ್ಲಿಗೆ ಆಕೆ ದೇಶ ಬಿಟ್ಟವಳಾಗಿ ಲೆಕ್ಕಕ್ಕೆ ಬರುವುದಿಲ್ಲ. ಬಂದಿಳಿದ ಪೋಲಿಷ್ ಗಾರೆಯವನಿಗೆ ಎದುರಾದ ಪ್ರಶ್ನೆಯೇ ಬಾಗಿಲಿನ ಆಚೆ ಬದಿಯಲ್ಲಿ ಇವಳಿಗೂ ಎದುರಾಯಿತು. ಒಬ್ಬ ಬಂದೂ ಬಾರದವನಾದ, ಇನ್ನೊಬ್ಬಳು ಹೋಗಿಯೂ ಹೋಗದವಳಾದಳು. ಎರಡನೆಯ ತಪ್ಪು ನನ್ನನ್ನು ಹೆಚ್ಚು ಕಲಕುತ್ತದೆ. ನಿಯಮ ಪಾಲಿಸಿ ಮನೆಗೆ ಹೋದವರ ಮೇಲೆ ಕಾನೂನು ಮುರಿದ ಆರೋಪ ಹೊರಿಸಿದ್ದು ಅದು. ಆ ಆರೋಪದ ನೆರಳಿನಲ್ಲಿ ಬಾಗಿಲು ಮುಚ್ಚಿಸಿಕೊಂಡವರು ಇನ್ನೂ ಹೊರಟೇ ಇರದ ಮಕ್ಕಳು. ಓದಿದ ಮೇಲೆ ಕೆಲಸ ಮಾಡುವ ವೀಸಾ ಮರಳಿ ಬಂದದ್ದು 2021ರ ಜುಲೈಯಲ್ಲಿ.

ಜರ್ಮನಿಯಲ್ಲಿ ಇದೇ ಕಾಲಕ್ಕೆ ಉಲ್ಟಾ ಕತೆ ನಡೆಯಿತು. ಅಲ್ಲಿ ಊರಿಗೆ ಬಂದವರು ಪೌರಕಚೇರಿಯಲ್ಲಿ ಹೆಸರು ಬರೆಸಲೇಬೇಕು, ಬರೆಸದೆ ಬ್ಯಾಂಕ್ ಖಾತೆಯೂ ಕಷ್ಟ. ಹೋಗುವಾಗ ಹೆಸರು ತೆಗೆಸಬೇಕೆಂದೂ ನಿಯಮವಿದೆ, ಆದರೆ ಪೆಟ್ಟಿಗೆ ಕಟ್ಟಿ ಹೊರಟವನಿಗೆ ಅದರಿಂದ ಆಗಬೇಕಾದದ್ದೇನು? ಪಶ್ಚಿಮ ಜರ್ಮನಿಯಲ್ಲಿ 1987ರ ನಂತರ ಗಣತಿಯೇ ಆಗಿರಲಿಲ್ಲ. 2011ರ ಗಣತಿಯ ಫಲಿತಾಂಶ 2013ರ ಮೇ 31ರಂದು ಬಂದಾಗ, ದೇಶದ ಜನಸಂಖ್ಯೆ ಅಂದುಕೊಂಡದ್ದಕ್ಕಿಂತ 15 ಲಕ್ಷ ಕಡಿಮೆ, 8.02 ಕೋಟಿ. ಇಲ್ಲದ ಆ 15 ಲಕ್ಷದಲ್ಲಿ 11 ಲಕ್ಷ ವಿದೇಶಿಯರು. ಎಂದೋ ಊರಿಗೆ ಮರಳಿದ್ದ ಟರ್ಕಿಯವರು, ಇಟಲಿಯವರು, ಪೋಲೆಂಡಿನವರು ಕಾಗದದಲ್ಲಿ ಇನ್ನೂ ಅಲ್ಲೇ ಬಾಳುತ್ತಿದ್ದರು. ಬರ್ಲಿನ್ ಒಂದೇ ಸುಮಾರು 1.8 ಲಕ್ಷ ನಿವಾಸಿಗಳನ್ನು, ಅವರ ಜತೆ ಅನುದಾನವನ್ನೂ ಕಳೆದುಕೊಂಡು ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು. 2018ರಲ್ಲಿ ನ್ಯಾಯಾಲಯ ಗಣತಿಯನ್ನೇ ಎತ್ತಿಹಿಡಿಯಿತು.

ಬ್ರಿಟನ್ ಪಾಠ ಕಲಿಯಿತೇ? ಅರ್ಧ ಕಲಿಯಿತು ಎನ್ನಬೇಕು. ಜನಮತಗಣನೆಗೆ ಕೆಲವೇ ವಾರ ಮುಂಚೆ, 2016ರ ಮೇ ತಿಂಗಳಲ್ಲಿ, ಹಳೆಯ ಅನುಮಾನವೇ ಮತ್ತೆ ತಲೆಯೆತ್ತಿತು. ಒಂದು ವರ್ಷದಲ್ಲಿ ಒಕ್ಕೂಟದ ಪ್ರಜೆಗಳಿಗೆ 6 ಲಕ್ಷಕ್ಕೂ ಹೆಚ್ಚು ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೊಟ್ಟಿದ್ದರೆ, ಸಮೀಕ್ಷೆಗೆ ಸಿಕ್ಕ ವಲಸಿಗರು ಸುಮಾರು 2.6 ಲಕ್ಷ ಮಾತ್ರ. ವ್ಯತ್ಯಾಸಕ್ಕೆ ಕಾರಣ ಬಹುಮಟ್ಟಿಗೆ ಅಲ್ಪಾವಧಿಗೆ ಬಂದು ಹೋಗುವವರು ಎಂದು ಕಚೇರಿ ವಿವರಿಸಿತು, ಸಮೀಕ್ಷೆಯೇ ಉತ್ತಮ ಆಧಾರ ಎಂದಿತು. ಮೂರು ವರ್ಷದ ನಂತರ, 2019ರ ಆಗಸ್ಟ್‌ನಲ್ಲಿ, ಒಕ್ಕೂಟದ ವಲಸೆಯನ್ನು ಕಡಿಮೆ ಎಣಿಸಿದ್ದೆವು, ಹೊರಗಿನವರದ್ದನ್ನು ಹೆಚ್ಚು ಎಣಿಸಿದ್ದೆವು ಎಂದು ಒಪ್ಪಿ, ತನ್ನ ವಲಸೆಯ ಅಂಕಿಗಳನ್ನು ಪ್ರಾಯೋಗಿಕ ಎಂಬ ದರ್ಜೆಗೆ ಇಳಿಸಿತು.

ನಿಜದ ಆಳ ಗೊತ್ತಾದದ್ದು ಒಕ್ಕೂಟ ಬಿಟ್ಟ ಮೇಲೆ. ಬ್ರಿಟನ್ನಿನಲ್ಲಿ ಉಳಿಯಬಯಸುವ ಒಕ್ಕೂಟದ ಪ್ರಜೆಗಳು 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಿತ್ತು. 35ರಿಂದ 41 ಲಕ್ಷ ಮಂದಿ ಇರಬಹುದೆಂದು ಸರ್ಕಾರ ಎಣಿಸಿತ್ತು. ಬಂದ ಅರ್ಜಿಗಳು 60 ಲಕ್ಷ ದಾಟಿದವು. ಎರಡೆರಡು ಸಲ ಹಾಕಿದವರನ್ನು ಬಿಟ್ಟರೂ 50 ಲಕ್ಷಕ್ಕಿಂತ ಹೆಚ್ಚು. ಯಾರನ್ನು ತಡೆಯುವುದಕ್ಕೆಂದು ದೇಶ ಒಕ್ಕೂಟ ಬಿಟ್ಟಿತೋ ಅವರು ಎಷ್ಟು ಜನ ಎಂದು ತಿಳಿದದ್ದು, ಬಿಟ್ಟ ನಂತರ ಅವರೇ ಬಂದು ಹೆಸರು ಹೇಳಿದಾಗ.

ಅಷ್ಟರಲ್ಲಿ ಕೋವಿಡ್ ಬಂದು, 2020ರ ಮಾರ್ಚ್‌ನಲ್ಲಿ ನಿಲ್ದಾಣಗಳ ಸಮೀಕ್ಷೆ ನಿಂತಿತು. ವಲಸೆಯನ್ನು ಅಳೆಯುವ ಕೆಲಸಕ್ಕೆ ಅದನ್ನು ಮತ್ತೆ ನೆಚ್ಚಿಕೊಳ್ಳಲಿಲ್ಲ. ಈಗಿನ ಲೆಕ್ಕ ವೀಸಾ, ಗಡಿ ದಾಟಿದ ದಾಖಲೆ, ತೆರಿಗೆ ಮತ್ತು ಭತ್ಯೆಯ ಕಡತಗಳಿಂದ ಬರುತ್ತದೆ. ಹನ್ನೆರಡು ತಿಂಗಳ ವ್ಯಾಖ್ಯೆ ಮಾತ್ರ ಉಳಿದಿದೆ. ಹಾಗಾಗಿ ಇತ್ತೀಚೆಗೆ ಬಂದವರ ವರ್ಷ ತುಂಬುವ ತನಕ ಅಂಕಿ ಅಂದಾಜೇ. 2023ರ ಜೂನ್‌ಗೆ ಕೊನೆಯಾದ ವರ್ಷದ ನಿವ್ವಳ ವಲಸೆ ಮೊದಲು ಪ್ರಕಟವಾದಾಗ 6,72,000 ಇತ್ತು. ಆರು ತಿಂಗಳಿಗೆ 7,40,000 ಆಯಿತು. 2024ರ ನವೆಂಬರ್‌ನಲ್ಲಿ ಇನ್ನೊಮ್ಮೆ ತಿದ್ದಿದಾಗ 9,06,000. ಮೊದಲ ಅಂಕಿ ಹೊರಬೀಳುತ್ತಲೇ ಅದರ ಮೇಲೆ ಜಗಳವಾಗಿತ್ತು. ಎರಡೇ ವಾರದೊಳಗೆ ಕೆಲಸದ ವೀಸಾಕ್ಕೆ ಬೇಕಾದ ಸಂಬಳದ ಮಿತಿಯನ್ನು ಏರಿಸುವ ನಿರ್ಧಾರವೂ ಪ್ರಕಟವಾಗಿತ್ತು.